ಕಪಾಟಿನ ಎಡತುದಿಯ ಬಾಟಲಿ

ಶನಿವಾರ ಬೆಳಿಗ್ಗೆ ಕಾರನ್ನು ಗೇಟಿನಿಂದ ಹೊರಗೆ ತೆಗೆದು ಬಲಕ್ಕೆ ತಿರುಗಿಸಲು ಹೋದರೆ ಸ್ಟೀರಿಂಗ್ ಕಲ್ಲಾಗಿ ಕೂತಿತ್ತು. ಅವಳು ಎರಡೂ ಕೈಯಿಂದ ಜಗ್ಗಿದಳು. ಸೀಟಿನಿಂದ ಅರ್ಧ ಎದ್ದು ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು. ಬಾನೆಟ್ಟಿನ ಕೆಳಗಿಂದ, ಹಲ್ಲು ಕಚ್ಚಿ ನೋವು ತಡೆದುಕೊಳ್ಳುವವರ ದನಿಯಂಥದೊಂದು ಎದ್ದು, ಚಕ್ರ ಒಲ್ಲದ ಮನಸ್ಸಿನಿಂದ ಅಷ್ಟೇ ಅಷ್ಟು ಹೊರಳಿತು. ಕಾರಿನ ಮೂತಿ ರಸ್ತೆಯಲ್ಲಿ, ಬೆನ್ನು ಗೇಟಿನೊಳಗೆ. ಎರಡೂ ಕಡೆಯಿಂದ ಬಂದವರು ಹಾರನ್ ಒತ್ತತೊಡಗಿದರು.

ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತಿಗೆ ಬಗ್ಗಿ ನೋಡಿದರು. ಅವರು ಅವಳ ಗಂಡನ ಅಕ್ಕ. ಮೇಲಿನ ಮನೆಯಲ್ಲಿ ಒಬ್ಬರೇ ಇದ್ದಾರೆ, ಬಾಯಿ ಮಾತ್ರ ನಾಲ್ಕು ಜನಕ್ಕೆ ಆಗುವಷ್ಟಿದೆ.

"ಏನೇ ಅದು, ಕಾರಿಗೂ ಮೈ ಸರಿ ಇಲ್ವಾ? ಒಂದು ಮನೆಗೆ ಒಬ್ಬ ರೋಗಿ ಸಾಲದು ಅಂತಲಾ?"

"ಸ್ಟೀರಿಂಗ್ ತಿರುಗ್ತಿಲ್ಲ ಅತ್ತಿಗೆ."

"ಓಡಿಸೋರ ಕೈ ನೋಡಿ ಅದೂ ಆಟ ಆಡತ್ತೆ. ಅವನು ಕೂತರೆ ಬೆಣ್ಣೆ ಹಾಗೆ ತಿರುಗ್ತಿತ್ತಪ್ಪ."

ಅತ್ತಿಗೆಗೆ ಒಂದು ಮಾತು ಹಿಂದಿರುಗಿಸಿದರೆ ಅವರ ಬಳಿ ಹತ್ತು ತಯಾರಿರುತ್ತವೆ. ಅವಳು ಹೇಗೋ ಹಿಂದೆ ಮುಂದೆ ಮಾಡಿ ಕಾರನ್ನು ಗೋಡೆಯ ಪಕ್ಕಕ್ಕೆ ತಂದು ನಿಲ್ಲಿಸುವ ಹೊತ್ತಿಗೆ ರವಿಕೆಯ ಬೆನ್ನು ಒದ್ದೆಯಾಗಿತ್ತು.

ಗಂಡ ಬಾಗಿಲಿಗೆ ಬಂದ. ಬರುವಾಗ ಎಂದಿನಂತೆ ಅವನ ಬಲಭುಜ ಬಾಗಿಲ ಚೌಕಟ್ಟಿಗೆ ತಗುಲಿತು. ಆಸ್ಪತ್ರೆಯಿಂದ ಬಂದ ಮೇಲೆ ಬಲಗಡೆಯದು ಅವನ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ತಲೆಯ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು ಎಂದು ಡಾಕ್ಟರ್ ಹೇಳಿದ್ದರು. ಕೈಕಾಲು ಬಿದ್ದಿಲ್ಲ, ಮಾತು ಹೋಗಿಲ್ಲ, ನಿಮ್ಮ ಅದೃಷ್ಟ ಎಂದಿದ್ದರು. ಏನಾದರೂ ಬರೆಯಿರಿ ಎಂದು ಕಾಗದ ಕೊಟ್ಟಾಗ, ಹಾಸಿಗೆಯಲ್ಲಿ ಒರಗಿಕೊಂಡೇ ಅವನು ತನ್ನ ಹೆಸರು, ಮನೆಯ ವಿಳಾಸ, ಅಂಗಡಿಯ ವಿಳಾಸ ಎಲ್ಲವನ್ನೂ ದುಂಡಗೆ ಬರೆದುಕೊಟ್ಟಿದ್ದ. ಕಾರು ಓಡಿಸಬಾರದು ಎನ್ನುವುದೊಂದೇ ಕಟ್ಟಪ್ಪಣೆ. ಅಂದಿನಿಂದ ಸ್ಟೀರಿಂಗ್ ಅವಳ ಕೈಗೆ ಬಂತು. ಕಲಿತು ಬಹಳ ವರ್ಷವಾಗಿದ್ದರೂ ಅವನು ಇರುವಾಗ ಅವಳು ಓಡಿಸಿದ್ದು ಕಡಿಮೆ.

"ಮೊನ್ನೆ ತಾನೇ ಎಣ್ಣೆ ಹಾಕಿದ್ದೀನಿ. ಗಾಳಿ ಹಿಡಿದಿರಬೇಕು," ಎನ್ನುತ್ತ ಅವನು ಬಾನೆಟ್ ಎತ್ತಿದ.

ಆ ಕಾರಿನ ಸ್ಟೀರಿಂಗ್ ಸೋರುವುದು ಇವತ್ತು ನಿನ್ನೆಯದಲ್ಲ. ಸ್ಟೀರಿಂಗ್ ಹಗುರವಾಗಿರಲಿ ಎಂದು ಇಂಜಿನ್ನಿನ ಪಕ್ಕದಲ್ಲೊಂದು ಪುಟ್ಟ ಡಬ್ಬಿಯಲ್ಲಿ ಕೆಂಪು ಎಣ್ಣೆ ಇರುತ್ತದೆ. ಪಂಪು ಅದನ್ನು ಒತ್ತಿ, ಎರಡು ಮುಂದಿನ ಚಕ್ರಗಳ ನಡುವೆ ಅಡ್ಡಲಾಗಿ ಮಲಗಿರುವ ಉದ್ದನೆಯ ಕೊಳವೆಗೆ, ಅಂದರೆ ರ್ಯಾಕಿಗೆ, ಕಳಿಸುತ್ತದೆ. ಆ ರ್ಯಾಕಿನ ರಬ್ಬರ್ ಸೀಲು ಸವೆದು ಎಣ್ಣೆ ತೊಟ್ಟಿಕ್ಕುತ್ತಿತ್ತು. ರಿಪೇರಿಗೆ ಕೈಹಾಕಿದರೆ ದೊಡ್ಡ ಕೆಲಸ, ಹಾಕ್ತಾ ಇರಿ, ಓಡ್ತಾ ಇರತ್ತೆ ಎಂದು ಗ್ಯಾರೇಜಿನವನೇ ಹೇಳಿದ್ದ. ಹಾಗಾಗಿ ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋಗಿ, ಕಪಾಟಿನಿಂದ ಬಾಟಲಿ ತೆಗೆದು, ಡಬ್ಬಿಯ ಮುಚ್ಚಳ ಬಿಚ್ಚಿ ನೋಡುವುದು ಗಂಡನ ಅಭ್ಯಾಸವಾಗಿತ್ತು. ಕಾಯಿಲೆ ಬಿದ್ದು ಎದ್ದ ಮೇಲೂ ಅದನ್ನು ಬಿಟ್ಟಿರಲಿಲ್ಲ. "ಓಡಿಸಬೇಡ ಅಂದಿದ್ದಾರೆ. ನೋಡ್ಕೋಬೇಡ ಅಂದಿಲ್ವಲ್ಲ," ಎನ್ನುತ್ತಿದ್ದ. ಆ ಒಂದು ಕೆಲಸಕ್ಕೆ ಹೋಗುವಾಗ ಮಾತ್ರ ಅವನ ನಡಿಗೆಯಲ್ಲಿ ಹಿಂದಿನ ಬಿರುಸು ಇರುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿ ಅವಳು ನಿಟ್ಟುಸಿರು ಬಿಡುತ್ತಿದ್ದಳು, ಸಮಾಧಾನದ ನಿಟ್ಟುಸಿರು.

"ಇನ್ನೊಂದಿಷ್ಟು ಹಾಕಿ ನೋಡ್ತೀನಿ, ತಡಿ."

"ಬೇಡ ರೀ. ಗ್ಯಾರೇಜಿಗೆ ಒಯ್ತೀನಿ. ಸೋಮವಾರ ನಿಮ್ಮನ್ನ ಅಂಗಡಿಗೆ ಬಿಡಬೇಕಲ್ಲ, ಅಷ್ಟರಲ್ಲಿ ಸರಿಯಾಗ್ಲಿ."

ಸೋಮವಾರ ಎಂದಕೂಡಲೇ ಅವನ ಮುಖ ಅರಳಿತು. ಸೋಮವಾರ ಅವನು ಔಷಧಿ ಅಂಗಡಿಗೆ ಮರಳುವ ದಿನ. ಅವನು ಹಾಸಿಗೆ ಹಿಡಿದಾಗಿನಿಂದ ಅಂಗಡಿ ನೋಡಿಕೊಂಡದ್ದು ಬದಲಿಗೆ ಬಂದ ಫಾರ್ಮಸಿಸ್ಟ್ ಹೆಂಗಸು. ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿ, ಇವತ್ತೇ ಕೊನೆಯ ದಿನ. ಗಲ್ಲಾದ ಕುರ್ಚಿಯಲ್ಲಿ ಕೂತದ್ದು ಹೆಂಡತಿ. ಮೊದಲ ದಿನಗಳಲ್ಲಿ ಚಿಲ್ಲರೆ ಎಣಿಸಲೂ ತಡವರಿಸುತ್ತಿದ್ದಳು. ಆಮೇಲಾಮೇಲೆ ಬಂದವರ ಮುಖ ನೋಡಿ ಕೆಮ್ಮು ಯಾರ ಮನೆಯದು, ಜ್ವರ ಯಾರ ಮನೆಯದು ಎಂದು ಹೇಳುವಷ್ಟಾದಳು. ಅಂಗಡಿಗೆ ಹೊರಡುವ ಹೊತ್ತಿಗೆ ಸೆರಗು ಸರಿಮಾಡಿಕೊಳ್ಳುವ ರೀತಿಯೇ ಬೇರೆಯಾಗಿತ್ತು. ಅದು ಅವಳಿಗೆ ಗೊತ್ತಿತ್ತು. ಅತ್ತಿಗೆಗೂ ಗೊತ್ತಿತ್ತು.

"ಕುರ್ಚಿ ಬಿಟ್ಟುಕೊಡೋಕೆ ಮನಸ್ಸಿದೆ ತಾನೇ?" ಎಂದು ಮೊನ್ನೆ ಮೆಟ್ಟಿಲ ಮೇಲೆ ಸಿಕ್ಕಾಗ ನಗುನಗುತ್ತಲೇ ಕೇಳಿದ್ದರು. ಅವಳೂ ನಕ್ಕಿದ್ದಳು. ಆದರೆ ಆ ಮಾತು ಉಗುರಿನ ಸಂದಿಯಲ್ಲಿ ಸೇರಿದ ಸಿಬಿರಿನಂತೆ ಉಳಿದುಬಿಟ್ಟಿತ್ತು.

*

ಗ್ಯಾರೇಜಿನ ಮೇಸ್ತ್ರಿಯನ್ನು ಎಲ್ಲರೂ ಸ್ಟೆಪ್ನಿ ಎನ್ನುತ್ತಾರೆ. ಯಾರ ಗಾಡಿ ಎಲ್ಲಿ ಕೈಕೊಟ್ಟರೂ ಕೊನೆಗೆ ಅವನೇ ಗತಿ ಎಂದು ಆ ಹೆಸರು. ಹೆಂಡತಿಯೂ ಹಾಗೇ ಕರೆಯುತ್ತಾಳೆ ಎಂದು ತಾನೇ ಹೇಳಿಕೊಂಡು ನಗುತ್ತಾನೆ. ಅವನ ಗ್ಯಾರೇಜು ಎರಡು ಗೋದಾಮುಗಳ ನಡುವಿನ ಸಂದಿ. ನೆಲ ಎಣ್ಣೆ ಕುಡಿದು ಕಪ್ಪಾಗಿದೆ, ಗೋಡೆಯ ಮೇಲೆ ಸ್ಪ್ಯಾನರುಗಳು ಅಳತೆಯ ಪ್ರಕಾರ ತೂಗುತ್ತವೆ, ಮೂಲೆಯ ರೇಡಿಯೋ ಯಾರೂ ಕೇಳದಿದ್ದರೂ ಹಾಡುತ್ತಿರುತ್ತದೆ.

ಅಲ್ಲಿಗೆ ತಲುಪುವಷ್ಟರಲ್ಲಿ ಅವಳ ತೋಳು ಸೋತುಹೋಗಿತ್ತು. ಪ್ರತಿ ತಿರುವಿನಲ್ಲೂ ಹಿಂದಿನವರಿಂದ ಬೈಸಿಕೊಂಡು, ಆಮೆಯ ಹಾಗೆ ತೆವಳಿಕೊಂಡು ಬಂದಿದ್ದಳು.

"ಏನಕ್ಕ, ಕಾರು ಓಡಿಸಿದ್ರೋ, ಎಳ್ಕೊಂಡು ಬಂದ್ರೋ?" ಎಂದ ಸ್ಟೆಪ್ನಿ ಅವಳ ಮುಖ ನೋಡಿ.

"ಎಳ್ಕೊಂಡೇ ಬಂದೆ ಮೇಸ್ತ್ರಿ. ನೀವು ಹಾಕ್ತಾ ಇರಿ, ಓಡತ್ತೆ ಅಂದಿದ್ರಲ್ಲ, ಇವತ್ತು ಓಡಿದ್ದು ನನ್ನ ಉಸಿರು."

"ಅಯ್ಯೋ, ನಾನು ಹೇಳಿದ್ದೆ ನಿಜ. ನನ್ನ ಮಾತನ್ನ ಇಷ್ಟು ವರ್ಷ ಯಾರೂ ನಂಬಿರಲಿಲ್ಲ, ನಿಮ್ಮ ಯಜಮಾನರೊಬ್ಬರು ನಂಬಿದ್ರು."

ಕಾರನ್ನು ಮೇಲೆತ್ತಿ ಅವನು ಕೆಳಗೆ ನುಸುಳಿದ. ರ್ಯಾಕಿನ ತುದಿಗೆ, ಚಕ್ರದ ಬಳಿ, ಸಣ್ಣ ಹಾರ್ಮೋನಿಯಂ ಮಡಿಕೆಯ ಹಾಗಿದ್ದ ರಬ್ಬರ್ ಚೀಲವನ್ನು ಹಿಸುಕಿ ಅಂಚು ಸಡಿಲಿಸಿದ. ಎಣ್ಣೆ ಹನಿಯಲ್ಲ, ಧಾರೆಯಾಗಿ ಸುರಿದು ತಟ್ಟೆಗೆ ಬಿತ್ತು.

"ಒಳಗಿನ ಸೀಲು ಪೂರ್ತಿ ಹೋಗಿದೆ ಅಕ್ಕ. ಇಷ್ಟು ದಿನ ಹನೀತಿತ್ತು, ಈಗ ಬಾಯಿ ಬಿಟ್ಟಿದೆ." ಬೆರಳಿಗೆ ಹತ್ತಿದ ಎಣ್ಣೆಯನ್ನು ಉಜ್ಜಿ ನೋಡಿದ. ಮೂಸಿ ನೋಡಿದ. ಅವನ ಮುಖದ ನಗು ಸಣ್ಣದಾಯಿತು. ಎದ್ದು ಬಂದು ಡಬ್ಬಿಯ ಮುಚ್ಚಳ ಬಿಚ್ಚಿ, ಸಿರಿಂಜಿನಿಂದ ಒಂದಿಷ್ಟು ಎಳೆದು, ನೀರು ಕುಡಿಯುವ ಖಾಲಿ ಬಾಟಲಿಗೆ ಹಾಕಿ ಕಟ್ಟೆಯ ಮೇಲಿಟ್ಟ.

"ಸ್ವಲ್ಪ ಹೊತ್ತು ಸುಮ್ನೆ ಬಿಡೋಣ."

ಬಿಟ್ಟರು. ಮಸುಕಾಗಿದ್ದ ಎಣ್ಣೆ ನಿಧಾನವಾಗಿ ಎರಡಾಯಿತು. ಮೇಲೆ ಕೆಂಪು, ಕೆಳಗೆ ತಿಳಿ ಹಳದಿ. ಒಂದರೊಳಗೊಂದು ಸೇರದೆ ಬೇರೆಬೇರೆ ನಿಂತವು.

"ಇದು ಬ್ರೇಕ್ ಆಯಿಲ್," ಎಂದ ಸ್ಟೆಪ್ನಿ ಹಳದಿಯನ್ನು ತೋರಿಸಿ. "ಯಾವ ಪುಣ್ಯಾತ್ಮ ಇದನ್ನ ಸ್ಟೀರಿಂಗಿಗೆ ಹಾಕಿದ? ಆ ಸೀಲುಗಳಿಗೆ ಇದು ವಿಷ ಇದ್ದ ಹಾಗೆ. ರಬ್ಬರು ಊದ್ಕೊಂಡು, ಮೆತ್ತಗಾಗಿ, ಕಿತ್ತು ಬರತ್ತೆ. ನೀವೇನಾದ್ರೂ...?"

"ನಾನು ಬಾನೆಟ್ಟನ್ನೇ ಮುಟ್ಟಲ್ಲ."

ಅವನು ಬ್ರೇಕಿನ ಡಬ್ಬಿಯನ್ನು ಬಿಚ್ಚಿ, ಅದರಲ್ಲಿದ್ದದ್ದನ್ನೂ ಸಿರಿಂಜಿನಲ್ಲಿ ಎಳೆದು ಬೆಳಕಿಗೆ ಹಿಡಿದ. ಅದು ಸರಿಯಾಗಿಯೇ ಇತ್ತು. ದೊಡ್ಡದಾಗಿ ಉಸಿರು ಬಿಟ್ಟ.

"ಉಲ್ಟಾ ಆಗಿದ್ರೆ? ಸ್ಟೀರಿಂಗ್ ಎಣ್ಣೆ ಬ್ರೇಕಿಗೆ ಹೋಗಿದ್ರೆ ನೀವು ಇಲ್ಲಿಗೆ ಬರ್ತಿರಲಿಲ್ಲ ಅಕ್ಕ. ಎಲ್ಲಿ ಹೋಗಿ ನಿಲ್ತಿದ್ರೋ."

ಅವಳಿಗೆ ಶೆಡ್ಡಿನ ಕಪಾಟು ಕಣ್ಣ ಮುಂದೆ ಬಂತು. ಈ ವಾರ ಅದನ್ನು ಒರೆಸಿ ಜೋಡಿಸಿದವಳು ಅವಳೇ. ಒಂದೇ ಕಂಪನಿಯ, ಒಂದೇ ಎತ್ತರದ ಎರಡು ಕಪ್ಪು ಬಾಟಲಿಗಳು. ಸ್ಟೀರಿಂಗ್ ಎಣ್ಣೆಯದು ಎಡತುದಿಯಲ್ಲಿರುತ್ತಿತ್ತು, ಬ್ರೇಕಿನದು ಬಲಕ್ಕೆ. ಧೂಳು ಹೊಡೆದು ಮತ್ತೆ ಇಡುವಾಗ ಅವು ಅದಲುಬದಲಾಗಿದ್ದವು. ಆದರೆ ಹೆಸರು ಮುಂದಕ್ಕೆ ಕಾಣುವಂತೆ ತಿರುಗಿಸಿಯೇ ಇಟ್ಟಿದ್ದಳು. ಅವನಿಗೆ ಅನುಕೂಲವಾಗಲಿ ಎಂದು.

"ಬಾಟಲಿ ಮೇಲೆ ಹೆಸರು ಇರತ್ತಲ್ವಾ ಮೇಸ್ತ್ರಿ?"

"ಇಷ್ಟು ದಪ್ಪ ಅಕ್ಷರದಲ್ಲಿ ಇರತ್ತೆ. ದೂರ ನಿಂತ್ರೂ ಕಾಣತ್ತೆ."

ಅವಳು ಅಲ್ಲಿದ್ದ ಹಳೆಯ ಟೈರಿನ ಮೇಲೆ ಕೂತುಬಿಟ್ಟಳು.

ಔಷಧಿ ಅಂಗಡಿಯಲ್ಲಿ ಅವಳ ಗಂಡನಿಗೊಂದು ಪದ್ಧತಿಯಿತ್ತು. ಚೀಟಿ ಕೈಗೆ ಬಂದರೆ ಔಷಧಿಯ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದ. ಕಪಾಟಿನಿಂದ ಅದನ್ನು ತೆಗೆದ ಮೇಲೆ, ಅದರ ಮೇಲಿನ ಹೆಸರನ್ನು ಇನ್ನೊಮ್ಮೆ ಗಟ್ಟಿಯಾಗಿ ಓದುತ್ತಿದ್ದ. ತೆಗೆದುಕೊಳ್ಳಲು ಬಂದವರ ಕಿವಿಗೆ ಎರಡೂ ಸಲ ಬೀಳಬೇಕು. ಸಾಲಿನಲ್ಲಿ ನಿಂತವರು ಪಾಠ ಒಪ್ಪಿಸ್ತಿದ್ದಾರೆ ಎಂದು ಮುಸಿಮುಸಿ ನಗುತ್ತಿದ್ದರು. ದಿನಾ ತಾನೇ ಕೊಡುವ ತಲೆನೋವಿನ ಮಾತ್ರೆಗೂ ಅವನು ಆ ಪದ್ಧತಿ ತಪ್ಪಿಸಿದವನಲ್ಲ. ಅಂಥವನು ಇಷ್ಟು ದಪ್ಪ ಅಕ್ಷರದ ಬಾಟಲಿಯನ್ನು ಓದದೆ ಸುರಿದಿದ್ದಾನೆ.

ಓದದೆಯೋ, ಓದಲಾಗದೆಯೋ?

ಒಂದೊಂದಾಗಿ ನೆನಪಾಗತೊಡಗಿತು. ಆಸ್ಪತ್ರೆಯಲ್ಲಿ ಡಾಕ್ಟರ್ ಪತ್ರಿಕೆ ಕೊಟ್ಟು ಒಂದು ಸಾಲು ಓದಿ ಎಂದಾಗ, ಕನ್ನಡಕ ಮನೆಯಲ್ಲಿದೆ ಎಂದು ನಕ್ಕಿದ್ದ. ಮನೆಗೆ ಬಂದ ಮೇಲೆ ಹೊಸ ಕನ್ನಡಕ ಬಂತು. ಫೋನಿಗೆ ಏನಾದರೂ ಬಂದರೆ, "ನೋಡು ಯಾರದು, ನನ್ನ ಕೈ ಒದ್ದೆ" ಎನ್ನುತ್ತಿದ್ದ. ಬೆಳಿಗ್ಗೆ ಪೇಪರ್ ಹಿಡಿದು ಕೂರುತ್ತಿದ್ದ, ಆದರೆ ಮೊದಲಿನ ಹಾಗೆ "ಇಲ್ಲಿ ಕೇಳೇ" ಎಂದು ಒಳಗಿದ್ದವಳನ್ನು ಕರೆದು ಓದಿ ಹೇಳಿದ್ದು ಒಂದು ದಿನವೂ ಇಲ್ಲ. ಅವನಾಗಿಯೇ ಕೇಳುತ್ತಿದ್ದ, "ಏನಂತೆ ಇವತ್ತು ವಿಶೇಷ?" ಎಂದು. ಮಾತಾಡಿಸಬೇಕು ಎಂಬ ಆಸೆ ಪಾಪ ಎಂದುಕೊಂಡು ಅವಳು ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಗಂಡ ಮೆತ್ತಗಾಗಿದ್ದಾನೆ ಎಂದು ಒಳಗೊಳಗೇ ಹಿಗ್ಗಿದ್ದೂ ಉಂಟು.

ಸೋಮವಾರ ಬೆಳಿಗ್ಗೆ ಇವನು ಔಷಧಿ ಅಂಗಡಿಯ ಬಾಗಿಲು ತೆರೆಯುತ್ತಾನೆ.

ಸ್ಟೆಪ್ನಿ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. ಅವನಿಗೂ ಅರ್ಧ ಅರ್ಥವಾಗಿತ್ತು.

"ಅಕ್ಕ, ರ್ಯಾಕ್ ಹೇಗೂ ಹೊಸದು ಹಾಕಬೇಕು. ಒಳಗಿನ ಪೈಪುಗಳನ್ನೆಲ್ಲ ತೊಳೀಬೇಕು. ಯಜಮಾನರು ಕೇಳಿದ್ರೆ ಹಳೇದಾಗಿತ್ತು, ಹೋಯ್ತು ಅಂದ್ಬಿಡ್ತೀನಿ. ಸುಳ್ಳೂ ಅಲ್ಲ. ಕಾಯಿಲೆಯಿಂದ ಎದ್ದೋರ ಮನಸ್ಸು ಯಾಕೆ ನೋಯಿಸ್ಬೇಕು?"

ಒಳ್ಳೆಯ ಮಾತು. ಅವಳು ಅದನ್ನು ಅಲ್ಲೇ ಹಿಡಿದುಕೊಂಡಳು, ಬಿಸಿಲಲ್ಲಿ ನಡೆದು ಬಂದವರು ನೆರಳು ಹಿಡಿದ ಹಾಗೆ. ನಾಳೆ ಇನ್ನೊಂದು ಬಾಟಲಿಯನ್ನು ಎತ್ತಿ ಒಳಗಿಟ್ಟರಾಯಿತು. ಕಪಾಟಿಗೆ ಬೀಗ ಹಾಕಿದರಾಯಿತು. ಅಂಗಡಿಗೆ ಇನ್ನೊಂದು ತಿಂಗಳು ಹೋಗಬೇಡಿ, ಸುಸ್ತಾಗತ್ತೆ ಎಂದು ಅತ್ತು ಕರೆದು ಒಪ್ಪಿಸಿದರಾಯಿತು. ಆಮೇಲೆ? ಇನ್ನೊಂದು ತಿಂಗಳಾದ ಮೇಲೆ ಯಾವ ಸಬೂಬು? ಆಗ ಅತ್ತಿಗೆ ಹೇಳಿದ್ದೇ ನಿಜವಾಗುತ್ತದೆ. ಕುರ್ಚಿಗೋಸ್ಕರ ಗಂಡನನ್ನು ಮನೆಯಲ್ಲಿ ಕೂರಿಸಿದಳು ಎನ್ನುತ್ತಾರೆ. ಗಂಡನೂ ಹಾಗೇ ಅಂದುಕೊಳ್ಳುತ್ತಾನೆ. ಅವಳಿಗೇ ತನ್ನ ಬಗ್ಗೆ ಹಾಗನ್ನಿಸಲು ಶುರುವಾಗುತ್ತದೆ.

"ಬೇಡ ಮೇಸ್ತ್ರಿ. ನಾನೇ ಹೇಳ್ತೀನಿ," ಎಂದು ಎದ್ದಳು.

*

ಬಸ್ಸಿಗೆ ಕಾಯದೆ ನಡೆದೇ ಹೊರಟಳು. ದಾರಿಯಲ್ಲಿ ಅವರ ಅಂಗಡಿ. ಗಾಜಿನ ಬಾಗಿಲ ಹೊರಗೆ ನಿಂತು ನೋಡಿದಳು. ಬದಲಿ ಫಾರ್ಮಸಿಸ್ಟ್ ಒಬ್ಬ ಅಜ್ಜಿಗೆ ಏನನ್ನೋ ತೋರಿಸಿ ಹೇಳುತ್ತಿದ್ದಳು. ಹಿಂದೆ ನೆಲದಿಂದ ಸೂರಿನವರೆಗೆ ಕಪಾಟು, ಸಾವಿರ ಸಣ್ಣ ಡಬ್ಬಿಗಳು. ಬಿಳಿಯ ಮೇಲೆ ನೀಲಿ, ಬಿಳಿಯ ಮೇಲೆ ಹಸಿರು, ಒಂದಕ್ಕೊಂದು ಅಣ್ಣತಮ್ಮಂದಿರಂತೆ. ಒಳಗೆ ಹೋಗದೆ ಮುಂದೆ ನಡೆದಳು.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಹೀಗೆ ಶುರು ಮಾಡಬೇಕು, ಹಾಗೆ ಹೇಳಬಾರದು. ಪರೀಕ್ಷೆ ಮಾಡಬಾರದು ಎಂದು ಮಾತ್ರ ಗಟ್ಟಿ ಮಾಡಿಕೊಂಡಳು. ಬಾಟಲಿ ಮುಂದೆ ಹಿಡಿದು ಓದಿ ನೋಡೋಣ ಎನ್ನುವುದು ಬೇಡ. ಇಷ್ಟು ವರ್ಷ ಪಕ್ಕದ ದಿಂಬಿನಲ್ಲಿ ಮಲಗಿದವನನ್ನು ಹಾಗೆ ಮೂಲೆಗೆ ನಿಲ್ಲಿಸಲು ತನ್ನಿಂದಾಗದು.

ಅವನು ಊಟದ ಮೇಜಿನ ಮುಂದೆ ಪೇಪರ್ ಹಿಡಿದು ಕೂತಿದ್ದ.

"ಏನಂದ ನಿನ್ನ ಸ್ಟೆಪ್ನಿ?"

"ರ್ಯಾಕ್ ಹೋಗಿದೆ. ಹೊಸದು ಹಾಕಬೇಕಂತೆ."

"ಹಳೇದಾಗಿತ್ತು, ಎಷ್ಟು ದಿನ ಬರತ್ತೆ? ಸರಿ ಬಿಡು. ಸೋಮವಾರ ಬಸ್ಸಲ್ಲಿ ಹೋದ್ರಾಯ್ತು. ನೀಲಿ ಅಂಗಿ ಇಸ್ತ್ರಿ ಮಾಡ್ಸಿದ್ದೀಯಾ?"

ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಅವಳು ಕುರ್ಚಿ ಎಳೆದುಕೊಂಡು ಅವನೆದುರು, ಅವನ ಕಣ್ಣಿಗೆ ಬೀಳುವ ಎಡಗಡೆಗೆ, ಕೂತಳು.

"ರೀ, ಸ್ಟೀರಿಂಗ್ ಡಬ್ಬೀಲಿ ಬ್ರೇಕ್ ಆಯಿಲ್ ಇತ್ತು."

ಪೇಪರ್ ಅಲ್ಲಾಡಲಿಲ್ಲ.

"ಯಾರು ಹಾಕಿದ್ದು?" ಎಂದ. ಕೇಳಿದವನಿಗೇ ಆ ಪ್ರಶ್ನೆ ಸಾಲದೆನಿಸಿ ದನಿ ಏರಿಸಿದ. "ಕಪಾಟು ಮುಟ್ಟಬೇಡ ಅಂತ ನಿನಗೆ ಎಷ್ಟು ಸಲ ಹೇಳಿದ್ದೀನಿ? ಇದ್ದ ಜಾಗದಲ್ಲಿ ಇರೋಕೆ ಬಿಡಲ್ಲ. ಮನೇಲಿ ಒಂದು ವಸ್ತು ನೆಟ್ಟಗಿರಲ್ಲ ನಿನ್ನ ಕೈಯಲ್ಲಿ."

"ಹೌದು. ಎಡಗಡೆ ಇದ್ದದ್ದನ್ನ ಬಲಕ್ಕಿಟ್ಟೆ. ನನ್ನದೇ ತಪ್ಪು. ಆದರೆ ಬಾಟಲಿ ಮೇಲೆ ಬರೆದಿತ್ತಲ್ಲ ರೀ."

"ಕನ್ನಡಕ ಇರಲಿಲ್ಲ."

ಕನ್ನಡಕ ಅವನ ಮೂಗಿನ ಮೇಲಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ಅದು ಅಲ್ಲಿಗೆ ಏರುತ್ತದೆ ಎನ್ನುವುದು ಇಬ್ಬರಿಗೂ ಗೊತ್ತು. ಅವನು ಪೇಪರನ್ನು ಮಡಚತೊಡಗಿದ. ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ, ಇನ್ನು ಮಡಚಲಾಗದಷ್ಟು ಸಣ್ಣದು ಮಾಡಿದ.

"ಬಣ್ಣ ಬೇರೆ ಅನ್ನಿಸ್ತು," ಎಂದ ಕೊನೆಗೆ. ಸಿಟ್ಟು ಇಳಿದಿತ್ತು. "ಸುರಿಯುವಾಗ್ಲೇ ಅನ್ನಿಸ್ತು. ನಿಲ್ಲಿಸಿದೆ. ಬಾಟಲಿ ತಿರುಗಿಸಿ ನೋಡಿದೆ. ನೋಡ್ತಾನೇ ಇದ್ದೆ."

"ಕಾಣಿಸ್ಲಿಲ್ವಾ?"

"ಕಾಣತ್ತೆ ಕಣೆ. ಒಂದೊಂದು ಅಕ್ಷರಾನೂ ಕಾಣತ್ತೆ. ಎಲ್ಲೋ ನೋಡಿದ ಮುಖ ಅನ್ನಿಸತ್ತೆ, ಹೆಸರು ಬರಲ್ಲ. ಸುಮಾರು ಹೊತ್ತು ದಿಟ್ಟಿಸಿದ್ರೆ ಒಂದು ಸಿಗತ್ತೆ, ಇನ್ನೊಂದಕ್ಕೆ ಹೋಗೋಷ್ಟರಲ್ಲಿ ಮೊದಲಿಂದು ಜಾರಿರತ್ತೆ. ಬರೀತೀನಿ, ಬರೆಯೋದಕ್ಕೇನೂ ತೊಂದ್ರೆ ಇಲ್ಲ. ಬರೆದು ಪೆನ್ನು ಎತ್ತಿದ್ಮೇಲೆ ನಾನೇ ಬರೆದದ್ದು ಏನು ಅಂತ ಗೊತ್ತಾಗಲ್ಲ. ಹುಚ್ಚು ಹಿಡೀತಿದೆಯಾ ಅನ್ಕೊಂಡೆ."

"ಮತ್ತೆ ಅನುಮಾನ ಬಂದ್ಮೇಲೂ ಸುರಿದ್ರಲ್ಲ?"

"ಸುರೀದಿದ್ರೆ ನಿನ್ನ ಕೇಳ್ಬೇಕಾಗ್ತಿತ್ತು." ಅವನು ಮಡಚಿದ ಪೇಪರಿನ ಮೇಲೆ ಅಂಗೈ ಇಟ್ಟು ಒತ್ತಿದ. "ಕೇಳಿದ್ರೆ, ಇದನ್ನೆಲ್ಲ ಹೇಳಿದ ಹಾಗೇ ಆಗ್ತಿತ್ತು."

ಎಷ್ಟೋ ದಿನ ಇವನು ಹೀಗೆ ಒಬ್ಬನೇ, ಅಕ್ಷರಗಳ ಮುಂದೆ ಪರದೇಶಿಯಂತೆ ಕೂತಿದ್ದಾನೆ. ಅವಳು ಎರಡಡಿ ಆಚೆ ಸೊಪ್ಪು ಸೋಸುತ್ತ ಸುದ್ದಿ ಹೇಳಿದ್ದಾಳೆ. ಕೈ ಚಾಚಿ ಅವನ ಕೈ ಹಿಡಿಯಬೇಕೆನಿಸಿತು. ಈಗ ಹಿಡಿದರೆ ಹೇಳಬೇಕಾದ್ದು ಬಾಯಲ್ಲೇ ಉಳಿದುಹೋಗುತ್ತದೆ ಎಂದು ಹಿಡಿಯಲಿಲ್ಲ.

"ಸೋಮವಾರ ಏನು ಮಾಡ್ಬೇಕು ಅಂತಿದ್ರಿ?"

"ಅಂಗಡಿ ಬೇರೆ ಕಣೆ. ಅಲ್ಲಿ ನನಗೆ ಓದೋದೇ ಬೇಡ." ಅವನು ಮುಂದಕ್ಕೆ ಬಾಗಿದ. ಈ ಮಾತನ್ನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದನೋ, ಓಡೋಡಿ ಬಂತು. "ಯಾವುದು ಎಷ್ಟನೇ ಸಾಲು, ಯಾವುದರ ಡಬ್ಬಿ ಯಾವ ಬಣ್ಣ, ಕಣ್ಣು ಮುಚ್ಕೊಂಡು ತೆಗೀತೀನಿ. ಚೀಟಿ ತಂದೋರನ್ನೇ ಓದಿ ಹೇಳಿ ಅಂತೀನಿ. ಡಾಕ್ಟರ ಅಕ್ಷರ ಅರ್ಥ ಆಗಲ್ಲ ಅಂದ್ರೆ ಯಾರೂ ಅನುಮಾನ ಪಡಲ್ಲ. ಎಲ್ಲಾ ಯೋಚ್ನೆ ಮಾಡಿಟ್ಟಿದ್ದೀನಿ."

"ಅಲ್ಲಿ ಕಪಾಟು ಬೇರೆ ಥರ ಜೋಡಿಸಿದ್ದೀವಿ ರೀ."

"ಏನು?"

"ಬದಲಿಯವಳು ಬಂದ ವಾರವೇ. ಹೆಸರಿನ ಪ್ರಕಾರ ಇಟ್ರೆ ಬೇಗ ಸಿಗತ್ತೆ ಅಂದ್ಲು. ನಾನೂ ಸರಿ ಅಂದೆ. ಹಳೇ ಜಾಗದಲ್ಲಿ ಈಗ ಒಂದೂ ಇಲ್ಲ."

ಅವನು ಅವಳನ್ನೇ ನೋಡಿದ. ಬಣ್ಣ ಇಳಿದುಹೋದ ಮುಖ. ಅವನ ಕಣ್ಣ ಮುಂದೆ ಬಂದದ್ದು ಏನೆಂದು ಅವಳಿಗೆ ಗೊತ್ತಿತ್ತು, ಅವಳ ಕಣ್ಣ ಮುಂದೆಯೂ ಅದೇ ಇತ್ತು. ಬೆಳ್ಳಂಬೆಳಿಗ್ಗೆ ಯಾರೋ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿಬರುತ್ತಾರೆ, ಇವನ ಕೈ ನೆನಪಿನ ಜಾಡು ಹಿಡಿದು ಕಪಾಟಿಗೆ ಹೋಗುತ್ತದೆ.

ಆದರೆ ಅವನ ಬಾಯಿಂದ ಬಂದದ್ದು ಬೇರೆ.

"ನಿನಗೆ ಆ ಕುರ್ಚಿ ಬೇಕು. ಅಕ್ಕ ಸರಿಯಾಗೇ ಹೇಳಿದ್ಲು."

ಇಲ್ಲ ಎನ್ನುವುದು ಅವಳ ನಾಲಿಗೆಯ ತುದಿಯವರೆಗೆ ಬಂತು. ಅವನು ಈಗಷ್ಟೇ ಎದೆ ಬಗೆದು ತೋರಿಸಿದ ಮೇಜಿನ ಮೇಲೆ ಸುಳ್ಳನ್ನಿಡಲು ಮನಸ್ಸಾಗಲಿಲ್ಲ.

"ಬೇಕು ಅನ್ನಿಸಿದ್ದುಂಟು," ಎಂದಳು. "ಅಲ್ಲಿ ಕೂತಾಗ ನಾನೂ ಒಬ್ಬಳು ಅನ್ನಿಸ್ತಿತ್ತು. ಅದಕ್ಕೇ ಇವತ್ತು ಗ್ಯಾರೇಜಿಂದ ಇಲ್ಲಿಗೆ ಬರೋವರೆಗೂ ನನ್ನನ್ನೇ ಕೇಳ್ಕೊಂಡು ಬಂದೆ, ಇದು ಅದಕ್ಕಾಗಿಯಾ ಅಂತ. ಅಲ್ಲ ರೀ. ಅಂಗಡಿ ಬಾಗಿಲೇ ಹಾಕೋಣ. ನಾನೂ ಕೂರಲ್ಲ. ಬೇರೆ ಫಾರ್ಮಸಿಸ್ಟ್ ಸಿಗೋವರೆಗೂ ಮುಚ್ಚಿರ್ಲಿ. ಡಾಕ್ಟರ ಹತ್ರ ಇದನ್ನ ಹೇಳೋಣ, ಏನು ದಾರಿ ಇದೆ ಕೇಳೋಣ."

"ನಾನು ಹೋಗೇ ಹೋಗ್ತೀನಿ ಅಂದ್ರೆ?"

"ಬೀಗದ ಕೈ ಕಿತ್ಕೊಳಲ್ಲ. ನಿಮ್ಮ ಜೊತೇನೇ ಬರ್ತೀನಿ. ಬಾಗಿಲಲ್ಲಿ ನಿಂತು, ಬಂದ ಒಬ್ಬೊಬ್ಬರಿಗೂ ಹೇಳ್ತೀನಿ."

ಅವಳ ದನಿ ಏರಲಿಲ್ಲ, ನಡುಗಲೂ ಇಲ್ಲ. ಮದುವೆಯಾದ ಮೇಲೆ ಅವನಿಗೆ ಇಂಥ ಮಾತು ಹೇಳಿದ್ದು ಇದೇ ಮೊದಲು. ಅವನು ಎದ್ದು ಒಳಗೆ ಹೋದ. ಹೋಗುವಾಗ ಬಲಭುಜ ಚೌಕಟ್ಟಿಗೆ ಬಡಿಯಿತು. ಕೋಣೆಯ ಬಾಗಿಲು ಹಾಕಿಕೊಂಡ.

ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ. ಅವಳೂ ತಿನ್ನಲಿಲ್ಲ. ಬಾಗಿಲು ತಟ್ಟಬೇಕೆಂದು ಎದ್ದೆದ್ದು ಹೋಗಿ ಹಿಂದಿರುಗಿದಳು. ಸಮಾಧಾನ ಹೇಳಲು ಹೋದರೆ ತಾನು ಸೋತು, ಹೋಗ್ಲಿ ಬಿಡಿ ಎಂದುಬಿಡುತ್ತೇನೇನೋ ಎಂಬ ಹೆದರಿಕೆ. ಹೋಗ್ಲಿ ಬಿಡಿ ಎನ್ನುವುದು ಅವಳ ಬಾಯಿಗೆ ಬಹಳ ರೂಢಿಯಾದ ಮಾತು.

*

ಸಂಜೆ ಅವನು ತಾನಾಗಿಯೇ ಹೊರಗೆ ಬಂದು ಹಜಾರದಲ್ಲಿ ಕೂತ. ಅವಳು ಕಾಫಿ ತಂದಿಟ್ಟಳು. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಪಾತ್ರೆಗೆ ಕೈಹಾಕಿದಳು.

ಮೆಟ್ಟಿಲ ಮೇಲೆ ಅತ್ತಿಗೆಯ ಚಪ್ಪಲಿಯ ಸದ್ದು. ಸದ್ದಿನ ಹಿಂದೆಯೇ ಮಾತು.

"ಸೋಮವಾರ ಎಷ್ಟು ಹೊತ್ತಿಗೆ ಕಣೋ ಹೊರಡೋದು? ಮೊದಲನೇ ದಿನ, ನಾನೂ ಬರ್ತೀನಿ. ನೀನು ಆ ಬಿಳಿ ಕೋಟು ಹಾಕ್ಕೊಂಡು ನಿಂತದ್ದು ನೋಡದೆ ಕಣ್ಣು ಸೋತುಹೋಗಿದೆ."

ಅಡುಗೆಮನೆಯಲ್ಲಿ ಅವಳ ಬಾಯಿಗೆ ಉತ್ತರ ತಾನಾಗಿ ಬಂತು. ಕಾರು ರಿಪೇರಿಗೆ ಹೋಗಿದೆ ಅತ್ತಿಗೆ. ಅವರಿಗೆ ಯಾಕೋ ತಲೆ ಸುತ್ತು ಅತ್ತಿಗೆ. ಇಷ್ಟು ದಿನ ಅವನ ಪರವಾಗಿ ಎಲ್ಲರಿಗೂ ಉತ್ತರ ಕೊಟ್ಟವಳು ಅವಳೇ. ತುಟಿ ಬಿಗಿಹಿಡಿದು, ಕೇಳಿಸಲಿ ಎಂದು ನಲ್ಲಿ ನಿಲ್ಲಿಸಿದಳು.

"ಹೋಗ್ತಿಲ್ಲ ಅಕ್ಕ."

"ಯಾಕೆ? ಅವಳು ಬೇಡ ಅಂದ್ಲಾ?"

ಹೌದು ಎಂದರೆ ಅತ್ತಿಗೆ ನಂಬುತ್ತಾರೆ. ಊರೆಲ್ಲ ನಂಬುತ್ತದೆ. ಅಷ್ಟೊಂದು ಸುಲಭದ ಬಾಗಿಲು ತೆರೆದೇ ಇತ್ತು, ಅವನು ಅದರೊಳಗೆ ಹೋದರೆ ತಾನು ತಡೆಯುವುದಿಲ್ಲ ಎಂದು ಅವಳು ಒದ್ದೆ ಕೈಯಲ್ಲಿ ಕಟ್ಟೆ ಹಿಡಿದು ನಿಂತಳು.

"ಇಲ್ಲ. ನನಗೆ ಓದಕ್ಕೆ ಬರ್ತಿಲ್ಲ."

"ಆ ಹೊಸ ಕನ್ನಡಕ ಸರಿ ಇಲ್ಲ, ನಾನು ಅವತ್ತೇ..."

"ಕನ್ನಡಕದ್ದಲ್ಲ ಅಕ್ಕ. ಕೂತ್ಕೋ. ಹೇಳ್ತೀನಿ."

ಕುರ್ಚಿ ಎಳೆದ ಸದ್ದಾಯಿತು. ಅವನು ಹೇಳತೊಡಗಿದ, ಆಸ್ಪತ್ರೆಯ ಮೊದಲ ಬೆಳಗಿನಿಂದ. ಎಚ್ಚರವಾದಾಗ ಎದುರು ಗೋಡೆಯ ಮೇಲೆ ಏನೋ ಬರೆದಿತ್ತಂತೆ, ಬೇರೆ ದೇಶದ ಲಿಪಿ ಎಂದುಕೊಂಡನಂತೆ, ತನ್ನನ್ನು ಯಾವ ದೇಶಕ್ಕೆ ತಂದಿದ್ದಾರೆ ಎಂದು ಹೆದರಿದನಂತೆ. ಇದನ್ನು ಅವನು ಅವಳಿಗೂ ಹೇಳಿರಲಿಲ್ಲ. ದನಿ ಅಲ್ಲಲ್ಲಿ ಕುಸಿಯುತ್ತಿತ್ತು, ಮತ್ತೆ ಎತ್ತಿಕೊಂಡು ಮುಂದುವರಿಸುತ್ತಿದ್ದ. ಅತ್ತಿಗೆ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.